ಇಂಡಕ್ಷನ್ ಮೋಟಾರೋ ಬಿಎಲ್‌ಡಿಸಿಯೋ? ಫ್ಯಾನಿಗೆ ಒಂದು ಲೆಕ್ಕ, ಬೋರ್‌ವೆಲ್ಲಿಗೆ ಇನ್ನೊಂದು

ಫ್ಯಾನ್ ಕೊಳ್ಳಲು ಯಾವ ಅಂಗಡಿಗೆ ಹೋದರೂ ಈಗ ಮೊದಲ ಪ್ರಶ್ನೆ ಒಂದೇ: "ಮಾಮೂಲಿದು ಕೊಡ್ಲಾ, ಬಿಎಲ್‌ಡಿಸಿ ಕೊಡ್ಲಾ?" ಮಾಮೂಲಿ ಅಂದರೆ ಇಂಡಕ್ಷನ್ ಮೋಟಾರಿನದು, ಬಿಎಲ್‌ಡಿಸಿ ಅಂದರೆ ಬ್ರಷ್‌ಲೆಸ್ ಡಿಸಿ, ಬ್ರಷ್ ಇಲ್ಲದ ಅಯಸ್ಕಾಂತದ ಮೋಟಾರಿನದು. ಸೋಲಾರ್ ಪಂಪ್ ವಿಚಾರಿಸಿದರೆ "ಎಸಿ ಮೋಟಾರಾ, ಡಿಸಿ ಮೋಟಾರಾ?" ಅಂತಾರೆ. ಫ್ರಿಜ್, ವಾಷಿಂಗ್ ಮಷೀನ್ ಕೊಳ್ಳುವಾಗ ಇದೇ ಪ್ರಶ್ನೆ "ಇನ್ವರ್ಟರ್ ಮಾಡೆಲ್ಲಾ?" ಅನ್ನೋ ಹೆಸರಲ್ಲಿ ಬರುತ್ತದೆ. ಅಂಗಡಿಯವರು ಬಿಎಲ್‌ಡಿಸಿ ತಗೊಳ್ಳಿ, ಕರೆಂಟ್ ಉಳಿಯುತ್ತೆ ಅನ್ನುತ್ತಾರೆ. ರೀವೈಂಡಿಂಗ್ ಮಾಡುವವರನ್ನು ಕೇಳಿದರೆ, ಅದೆಲ್ಲ ಬೇಡ ಸಾರ್, ಒಳಗಿನ ಎಲೆಕ್ಟ್ರಾನಿಕ್ ಕಾರ್ಡ್ ಹೋದ್ರೆ ಕಥೆ ಮುಗೀತು, ಹಳೇದೇ ಗಟ್ಟಿ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಫ್ಯಾನ್ ನೋಡಿ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಬೋರ್‌ವೆಲ್ ಮೋಟಾರ್ ನೋಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೋಟಾರ್ ಚಿಕ್ಕದಾದಷ್ಟೂ, ಓಡುವ ಗಂಟೆ ಜಾಸ್ತಿಯಾದಷ್ಟೂ, ಸ್ಪೀಡ್ ಏರಿಳಿತ ಬೇಕಾದಷ್ಟೂ ಬಿಎಲ್‌ಡಿಸಿ ಕಡೆ ತಕ್ಕಡಿ ವಾಲುತ್ತದೆ. ದೊಡ್ಡ ಮೋಟಾರು, ಒಂದೇ ಸ್ಪೀಡು, ಪೂರ್ತಿ ಲೋಡು, ಜೊತೆಗೆ ಧೂಳು, ನೀರು, ಕೆಟ್ಟ ವೋಲ್ಟೇಜು ಇದ್ದರೆ ಇಂಡಕ್ಷನ್ನೇ ಸರಿ. ಯಾಕೆ ಅಂತ ಗೊತ್ತಾಗಬೇಕಾದರೆ ಒಳಗೆ ಏನಿದೆ ಅಂತ ಒಮ್ಮೆ ನೋಡಬೇಕು.

ಒಳಗೆ ಏನಿದೆ

ಎರಡರಲ್ಲೂ ತಿರುಗದೆ ನಿಂತಿರುವ ಸುರುಳಿಗಳ ಕೆಲಸ ಒಂದೇ: ಸುತ್ತುವ ಕಾಂತಕ್ಷೇತ್ರ ಮಾಡುವುದು. ವ್ಯತ್ಯಾಸ ಇರುವುದು ತಿರುಗುವ ಭಾಗದಲ್ಲಿ, ಅಂದರೆ ರೋಟಾರ್‌ನಲ್ಲಿ.

ಇಂಡಕ್ಷನ್ ಮೋಟಾರಿನ ರೋಟಾರ್ ಒಂದು ಕಬ್ಬಿಣದ ಉರುಳೆ. ಅದರೊಳಗೆ ಅಲ್ಯೂಮಿನಿಯಂ ಅಥವಾ ತಾಮ್ರದ ಸರಳುಗಳು, ಎರಡು ತುದಿಯಲ್ಲೂ ಬಳೆ ಹಾಕಿ ಸೇರಿಸಿರುತ್ತಾರೆ. ಅದಕ್ಕೆ ಯಾವ ವೈರೂ ಹೋಗುವುದಿಲ್ಲ. ಹೊರಗಿನ ಕ್ಷೇತ್ರ ಸುತ್ತುವಾಗ ಈ ಸರಳುಗಳಲ್ಲಿ ತಾನಾಗಿಯೇ ಕರೆಂಟ್ ಹುಟ್ಟುತ್ತದೆ, ಆ ಕರೆಂಟಿನಿಂದ ರೋಟಾರ್ ತಾನೂ ಅಯಸ್ಕಾಂತವಾಗಿ ಕ್ಷೇತ್ರದ ಹಿಂದೆ ಓಡುತ್ತದೆ. ಆದರೆ ಎಂದೂ ಅದನ್ನು ಹಿಡಿಯುವುದಿಲ್ಲ. ಹಿಡಿದರೆ ಕರೆಂಟ್ ಹುಟ್ಟುವುದು ನಿಲ್ಲುತ್ತದೆ, ಎಳೆತವೂ ನಿಲ್ಲುತ್ತದೆ. ಹಿಟ್ಟಿನ ಗಿರಣಿಯ ಮೋಟಾರಿನ ಮೇಲಿರುವ ತಗಡಿನ ಪಟ್ಟಿ ನೋಡಿ. 1440 ಆರ್‌ಪಿಎಂ ಅಂತಿರುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿಗೆ 4 ಧ್ರುವದ (ಸುರುಳಿಗಳು ನಾಲ್ಕು ಕಾಂತಧ್ರುವ ಮಾಡುವ) ಮೋಟಾರಿನ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ. ಆ 60 ಸುತ್ತಿನ ಹಿಂದುಳಿಯುವಿಕೆಗೆ ಸ್ಲಿಪ್ ಅಂತಾರೆ. 1500ಕ್ಕೆ 60 ಅಂದರೆ ನೂರಕ್ಕೆ 4. ರೋಟಾರಿಗೆ ತಲುಪಿದ ಶಕ್ತಿಯಲ್ಲಿ ಅಷ್ಟು ಭಾಗ ಬಿಸಿಯಾಗಿ ಹೋಗುತ್ತದೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಫ್ಯಾನಿನಲ್ಲಿ ಬೇಕಾಗುತ್ತದೆ.

ಬಿಎಲ್‌ಡಿಸಿಯಲ್ಲಿ ರೋಟಾರಿಗೆ ಶಾಶ್ವತ ಅಯಸ್ಕಾಂತವನ್ನೇ ಅಂಟಿಸಿರುತ್ತಾರೆ. ಕಾಂತತ್ವಕ್ಕಾಗಿ ಕರೆಂಟ್ ಖರ್ಚು ಮಾಡುವ ಅಗತ್ಯ ಇಲ್ಲ, ರೋಟಾರ್ ಕ್ಷೇತ್ರದ ಜೊತೆಗೇ ಸುತ್ತುತ್ತದೆ, ಸ್ಲಿಪ್ ಇಲ್ಲ. ಆದರೆ ಅಯಸ್ಕಾಂತ ಈಗ ಎಲ್ಲಿದೆ ಅಂತ ನೋಡಿಕೊಂಡು ಸರಿಯಾದ ಕ್ಷಣಕ್ಕೆ ಸರಿಯಾದ ಸುರುಳಿಗೆ ಕರೆಂಟ್ ಬಿಡಲು ಒಂದು ಎಲೆಕ್ಟ್ರಾನಿಕ್ ಕಾರ್ಡ್ ಬೇಕೇ ಬೇಕು. ಇಂಡಕ್ಷನ್ ಮೋಟಾರಿಗೆ ಕರೆಂಟ್ ಕೊಟ್ಟರೆ ಸಾಕು, ಓಡುತ್ತದೆ. ಬಿಎಲ್‌ಡಿಸಿಗೆ ಕಾರ್ಡ್ ಇಲ್ಲದೆ ನೇರ ಕರೆಂಟ್ ಕೊಟ್ಟರೆ ಸುಮ್ನೆ ಅದುರುತ್ತದೆ, ಅಷ್ಟೆ.

ಇಲ್ಲಿ ಎರಡು ಗೊಂದಲ ಪರಿಹರಿಸಿಬಿಡೋಣ. ಬಿಎಲ್‌ಡಿಸಿ ಫ್ಯಾನಿಗೆ ಡಿಸಿ ಕರೆಂಟ್ ಬೇಕಾ ಅಂತ ಕೇಳುವವರಿದ್ದಾರೆ. ಬೇಡ. ಮಾಮೂಲಿ 230 ವೋಲ್ಟಿಗೇ ಹಾಕುವುದು, ಒಳಗಿನ ಕಾರ್ಡ್ ಅದನ್ನು ಬದಲಿಸಿಕೊಳ್ಳುತ್ತದೆ. ಇನ್ನೊಂದು, ಬ್ರಷ್ ಇಲ್ಲದ್ದು ಬಿಎಲ್‌ಡಿಸಿ ಮಾತ್ರ ಅಂತ ಕೆಲವರು ತಿಳಿದಿದ್ದಾರೆ. ಇಂಡಕ್ಷನ್ ಮೋಟಾರಿನಲ್ಲೂ ಬ್ರಷ್ ಇಲ್ಲ. ಕಾರ್ಬನ್ ಬ್ರಷ್ ಇರುವುದು ನಿಮ್ಮ ಮಿಕ್ಸಿಯಲ್ಲಿ, ಡ್ರಿಲ್ಲಿಂಗ್ ಮಷೀನಿನಲ್ಲಿ. ಮಿಕ್ಸಿ ಜೋರಾಗಿ ಕಿರುಚುವುದು, ಗಾಳಿಕಿಂಡಿಯಲ್ಲಿ ನೀಲಿ ಕಿಡಿ ಕಾಣುವುದು ಅದರಿಂದಲೇ. ಅದು ಮೂರನೇ ಜಾತಿ, ಈ ಹೋಲಿಕೆಗೆ ಬರುವುದಿಲ್ಲ.

ಸೀಲಿಂಗ್ ಫ್ಯಾನ್: ಇಲ್ಲಿ ಯೋಚನೆಯೇ ಬೇಡ, ಆದರೂ ಲೆಕ್ಕ ಹಾಕಿ

ಮಾಮೂಲಿ 1200 ಮಿಲಿಮೀಟರ್ ಸೀಲಿಂಗ್ ಫ್ಯಾನ್ ಪೂರ್ತಿ ಸ್ಪೀಡಿನಲ್ಲಿ ಸುಮಾರು 75 ವಾಟ್ ತಿನ್ನುತ್ತದೆ. ಅಷ್ಟೇ ಗಾಳಿ ಕೊಡುವ ಬಿಎಲ್‌ಡಿಸಿ ಫ್ಯಾನ್ 28ರಿಂದ 35 ವಾಟ್. 30 ವಾಟ್‌ನಲ್ಲೇ ಅಷ್ಟು ಗಾಳಿ ಬರುತ್ತದೆ ಅಂದರೆ ಹಳೆಯ ಫ್ಯಾನಿನಲ್ಲಿ ಕನಿಷ್ಠ 45 ವಾಟ್ ಗಾಳಿಯಾಗದೆ ಬಿಸಿಯಾಗಿ ಹೋಗುತ್ತಿದೆ ಅಂತ ಆಯ್ತಲ್ವಾ? ಬೇಸಿಗೆಯಲ್ಲಿ ಇಡೀ ದಿನ ಓಡಿದ ಫ್ಯಾನ್ ಆಫ್ ಮಾಡಿ, ನಿಂತ ಮೇಲೆ ಮಧ್ಯದ ಗುಂಡು ಭಾಗ ಮುಟ್ಟಿ ನೋಡಿ. ಸೆಕೆಯಿಂದ ಪಾರಾಗಲು ಹಾಕಿದ ಯಂತ್ರ ತಾನೇ ಒಂದು ಸಣ್ಣ ಹೀಟರ್.

ಇಷ್ಟು ನಷ್ಟ ಯಾಕೆ? ಗಿರಣಿ ಮೋಟಾರಿನ ಸ್ಲಿಪ್ ನೂರಕ್ಕೆ 4 ಇತ್ತು. ಸೀಲಿಂಗ್ ಫ್ಯಾನ್ ನಿಧಾನ ತಿರುಗಬೇಕು, ಅದಕ್ಕೆ ಧ್ರುವಗಳು ಜಾಸ್ತಿ. 14 ಧ್ರುವ ಇದ್ದರೆ ಕ್ಷೇತ್ರದ ಸ್ಪೀಡ್ ನಿಮಿಷಕ್ಕೆ 428 ಸುತ್ತು, ಫ್ಯಾನ್ ಓಡುವುದು 370ರ ಆಸುಪಾಸು. ಸ್ಲಿಪ್ ನೂರಕ್ಕೆ 13 ದಾಟಿತು. ರೆಗ್ಯುಲೇಟರ್ ತಿರುಗಿಸಿ ಸ್ಪೀಡನ್ನು 200ಕ್ಕೆ ಇಳಿಸಿದರೆ ಕ್ಷೇತ್ರವೇನೂ ನಿಧಾನವಾಗುವುದಿಲ್ಲ, ಅದು 428ರಲ್ಲೇ ಸುತ್ತುತ್ತಿರುತ್ತದೆ. ರೆಗ್ಯುಲೇಟರ್ ವೋಲ್ಟೇಜ್ ಇಳಿಸಿ ಎಳೆತ ಕಡಿಮೆ ಮಾಡುತ್ತದೆ, ಸ್ಲಿಪ್ ಅರ್ಧಕ್ಕಿಂತ ಜಾಸ್ತಿ ಆಗುತ್ತದೆ. ಅಂದರೆ ನಿಧಾನ ಓಡುವಾಗ ರೋಟಾರಿಗೆ ತಲುಪಿದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಿಸಿ. ಗೋಡೆಯ ಮೇಲೆ ಹಳೇ ಕಾಲದ ದಪ್ಪ ರೆಗ್ಯುಲೇಟರ್ ಇದ್ದರೆ ಅದರೊಳಗಿನ ಕಾಯಿಲ್ ಕೂಡ ಬಿಸಿಯಾಗುತ್ತಿರುತ್ತದೆ. ಬಿಎಲ್‌ಡಿಸಿಯಲ್ಲಿ ಕಾರ್ಡ್ ಕ್ಷೇತ್ರವನ್ನೇ ನಿಧಾನ ಮಾಡುತ್ತದೆ. ಹಾಗಾಗಿ ಕಡಿಮೆ ಸ್ಪೀಡಿನಲ್ಲಿ ಕೆಲವು ಫ್ಯಾನುಗಳು 5ರಿಂದ 8 ವಾಟ್‌ನಲ್ಲಿ ಓಡುತ್ತವೆ. ಮಲೆನಾಡಿನ ಚಳಿಯಲ್ಲೂ ಸೊಳ್ಳೆಗಾಗಿ ಒಂದರಲ್ಲಿ ಫ್ಯಾನ್ ಇಟ್ಟು ಮಲಗುವವರು ಇದನ್ನು ಗಮನಿಸಬೇಕು.

ಈಗ ದುಡ್ಡಿನ ಲೆಕ್ಕ. ದಿನಕ್ಕೆ 12 ಗಂಟೆ ಓಡುವ ಫ್ಯಾನ್, ಉಳಿತಾಯ 45 ವಾಟ್ ಅಂದರೆ ದಿನಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ತಿಂಗಳಿಗೆ 16 ಯೂನಿಟ್. ವರ್ಷದಲ್ಲಿ 10 ತಿಂಗಳು ಓಡಿದರೆ 162 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 970 ರೂಪಾಯಿ. ಎರಡರ ಬೆಲೆಯ ವ್ಯತ್ಯಾಸ 1,200ರಿಂದ 1,500 ರೂಪಾಯಿ ಇದ್ದರೆ ಸುಮಾರು ಒಂದೂವರೆ ವರ್ಷದಲ್ಲಿ ದುಡ್ಡು ವಾಪಸ್. ಆದರೆ ನೆಂಟರು ಬಂದಾಗ ಮಾತ್ರ ಹಾಕುವ ಕೋಣೆಯ ಫ್ಯಾನಿಗೆ ಇದೇ ಲೆಕ್ಕ ಹಾಕಿ ನೋಡಿ, ಹತ್ತು ವರ್ಷವಾದರೂ ಬರುವುದಿಲ್ಲ. ಮನೆಯ ಎಲ್ಲ ಫ್ಯಾನನ್ನೂ ಒಟ್ಟಿಗೆ ಬದಲಿಸಿ ಅಂತ ಹೇಳುವವರ ಮಾತು ಕೇಳಬೇಡಿ. ಹಾಲ್, ಮಲಗುವ ಕೋಣೆ ಮೊದಲು. ಉಳಿದವು ಕೆಟ್ಟಾಗ ನೋಡಿದರಾಯ್ತು.

ಕರ್ನಾಟಕದಲ್ಲಿರುವವರಿಗೆ ಇನ್ನೊಂದು ಕೊಕ್ಕೆ ಇದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತುಂಬಾ ಮನೆಗಳ ಬಿಲ್ ಸೊನ್ನೆ. ಬಿಲ್ಲೇ ಸೊನ್ನೆ ಇದ್ದರೆ ಬಿಎಲ್‌ಡಿಸಿಯಿಂದ ನಿಮ್ಮ ಜೇಬಿಗೆ ಉಳಿಯುವುದೂ ಸೊನ್ನೆ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ದಾಟಿದಷ್ಟಕ್ಕೆ ಮಾತ್ರ ಅಲ್ಲ. ಏಪ್ರಿಲ್-ಮೇನಲ್ಲಿ 210, 220 ತೋರಿಸುವ ಮನೆಗಳಿಗೆ ಎರಡು ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ತಿಂಗಳಿಗೆ ಮೂವತ್ತು ಯೂನಿಟ್ ಇಳಿಯುತ್ತದೆ. ಅಂಥವರಿಗೆ ಒಂದೇ ಬೇಸಿಗೆಯಲ್ಲಿ ಫ್ಯಾನಿನ ಹೆಚ್ಚುವರಿ ದುಡ್ಡು ಹುಟ್ಟಿಬಿಡುತ್ತದೆ.

ಯುಪಿಎಸ್ ಇರುವ ಮನೆಗೆ ಲಾಭ ಬೇರೆಯದೇ. 12 ವೋಲ್ಟ್, 150 ಎಎಚ್ ಬ್ಯಾಟರಿಯಿಂದ ಕೈಗೆ ಸಿಗುವುದು ಹೆಚ್ಚುಕಡಿಮೆ 1,200 ವಾಟ್-ಗಂಟೆ. ನಾಲ್ಕು ಮಾಮೂಲಿ ಫ್ಯಾನ್ 300 ವಾಟ್, ನಾಲ್ಕು ಗಂಟೆಗೆ ಬ್ಯಾಟರಿ ಖಾಲಿ. ನಾಲ್ಕು ಬಿಎಲ್‌ಡಿಸಿ 120 ವಾಟ್, ಹತ್ತು ಗಂಟೆ ಬರುತ್ತದೆ. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಮಾಮೂಲಿ ಫ್ಯಾನ್ ಗುಂಯ್ ಅನ್ನುತ್ತದಲ್ಲ, ಆ ಕಾಟವೂ ಇರುವುದಿಲ್ಲ.

ಹಳ್ಳಿಯ ಕಡೆ ನನಗೆ ಕಂಡ ಎಲ್ಲಕ್ಕಿಂತ ದೊಡ್ಡ ಲಾಭ ವೋಲ್ಟೇಜಿನದು. ಇಂಡಕ್ಷನ್ ಮೋಟಾರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಸಂಜೆ ಹೊತ್ತು 230 ಇರಬೇಕಾದಲ್ಲಿ 160 ಬಂದರೆ ಎಳೆತ ಅರ್ಧಕ್ಕೆ ಬೀಳುತ್ತದೆ, ಫ್ಯಾನ್ ಸೋಮಾರಿಯಾಗಿ ತಿರುಗುತ್ತದೆ. ಬಿಎಲ್‌ಡಿಸಿ ಫ್ಯಾನ್ ಅದೇ 160ರಲ್ಲಿ ಅದೇ ಸ್ಪೀಡಿನಲ್ಲಿ ಓಡುತ್ತದೆ.

ಇನ್ನು ತೊಂದರೆಗಳು. ಮಾಮೂಲಿ ಫ್ಯಾನ್ ನಿಧಾನವಾದರೆ ಹತ್ತರಲ್ಲಿ ಎಂಟು ಸಲ ಕಂಡೆನ್ಸರ್ ಹೋಗಿರುತ್ತದೆ. 2.5 ಮೈಕ್ರೋಫ್ಯಾರಡ್‌ನ ಆ ಸಣ್ಣ ಡಬ್ಬಿ ಯಾವ ಹಳ್ಳಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಬಿಎಲ್‌ಡಿಸಿಯಲ್ಲಿ ಕೆಡುವುದು ಕಾರ್ಡ್. ಒಂದು ಕಂಪನಿಯದು ಇನ್ನೊಂದಕ್ಕೆ ಆಗುವುದಿಲ್ಲ, ಎಷ್ಟೋ ಸಲ ಅದೇ ಕಂಪನಿಯ ಹಳೇ ಮಾಡೆಲ್‌ಗೂ ಆಗುವುದಿಲ್ಲ. ಮುಂಗಾರಿಗೆ ಮುಂಚೆ ಗುಡುಗು-ಸಿಡಿಲು ಜಾಸ್ತಿ ಇರುವ ಮಲೆನಾಡು, ಕರಾವಳಿಯಲ್ಲಿ ಕಾರ್ಡಿಗೆ ಅಪಾಯ ಜಾಸ್ತಿ. ಸಿಡಿಲು ಶುರುವಾದಾಗ ಗೋಡೆಯ ಸ್ವಿಚ್ ಆಫ್ ಮಾಡಿ, ರಿಮೋಟಿನಲ್ಲಿ ಆಫ್ ಮಾಡಿದರೆ ಕಾರ್ಡಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಹಳೆಯ ರೆಗ್ಯುಲೇಟರನ್ನು ಲೈನಿನಿಂದ ತೆಗೆಸಬೇಕು, ಇಲ್ಲದಿದ್ದರೆ ಫ್ಯಾನ್ ಮಿಡುಕುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ರಿಮೋಟ್ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಗೋಡೆ ಸ್ವಿಚ್ಚನ್ನು ಆಫ್-ಆನ್ ಮಾಡಿದರೂ ಸ್ಪೀಡ್ ಬದಲಾಗುವ ಮಾಡೆಲ್ ಕೇಳಿ.

ಮನೆಯ ಉಳಿದ ಮೋಟಾರುಗಳು

ಫ್ರಿಜ್ ದಿನವಿಡೀ ಕೆಲಸ ಮಾಡುತ್ತದೆ, ಆದರೆ ಪೂರ್ತಿ ಜೋರಿನ ಅಗತ್ಯ ಕೆಲವೇ ಹೊತ್ತು. ಏಸಿ, ವಾಷಿಂಗ್ ಮಷೀನೂ ಹಾಗೇ. ಇವುಗಳಲ್ಲಿ ಇನ್ವರ್ಟರ್ ಮಾಡೆಲ್ ಅಂದರೆ ಒಳಗೆ ಅಯಸ್ಕಾಂತದ ಬ್ರಷ್‌ಲೆಸ್ ಮೋಟಾರ್ ಅಂತಲೇ ಸಾಮಾನ್ಯವಾಗಿ ಅರ್ಥ. ತಗೊಳ್ಳಿ. ಹಳೇ ಫ್ರಿಜ್ ಸ್ಟಾರ್ಟ್ ಆದಾಗ ಬಲ್ಬ್ ಒಂದು ಕ್ಷಣ ಮಂಕಾಗುತ್ತಿತ್ತು, ನೆನಪಿದೆಯಾ? ಇಂಡಕ್ಷನ್ ಮೋಟಾರ್ ನೇರವಾಗಿ ಶುರುವಾಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಇನ್ವರ್ಟರ್ ಫ್ರಿಜ್ ಮೆಲ್ಲಗೆ ಶುರುವಾಗುತ್ತದೆ, ಯುಪಿಎಸ್ ಮೇಲೂ ಸುಲಭವಾಗಿ ಓಡುತ್ತದೆ.

ವೆಟ್ ಗ್ರೈಂಡರ್ ಇಂಡಕ್ಷನ್ನೇ ಇರಲಿ. ವಾರಕ್ಕೆ ಎರಡು ದಿನ ದೋಸೆ ಹಿಟ್ಟು ರುಬ್ಬಲು ಕಾರ್ಡ್ ಯಾಕೆ? ಮನೆಯ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಮೋಟಾರೂ ಅಷ್ಟೇ. ದಿನಕ್ಕೆ ಇಪ್ಪತ್ತು ನಿಮಿಷ ಓಡಿದರೆ ಖರ್ಚಾಗುವುದೇ ಮೂರನೇ ಒಂದು ಯೂನಿಟ್‌ನ ಹತ್ತಿರ. ಅದರಲ್ಲಿ ನೂರಕ್ಕೆ 15 ಉಳಿಸಿದರೂ ದಿನಕ್ಕೆ 30 ಪೈಸೆ.

ಬೋರ್‌ವೆಲ್: ರೈತನ ಲೆಕ್ಕವೇ ಬೇರೆ

ಇಲ್ಲಿ ಮೊದಲು ಒಂದು ಅಂಕಿ. ತ್ರೀ ಫೇಸ್ ಇಂಡಕ್ಷನ್ ಮೋಟಾರ್ ದೊಡ್ಡದಾದಂತೆ ತಾನೇ ಒಳ್ಳೆಯದಾಗುತ್ತದೆ. ಐಇ3 ದರ್ಜೆಯ (ಐಇ ಅಂದರೆ ಮೋಟಾರಿನ ದಕ್ಷತೆಯ ಶ್ರೇಣಿ) 4 ಧ್ರುವದ ಮೋಟಾರ್ ತೆಗೆದುಕೊಂಡರೆ, 1 ಎಚ್‌ಪಿಯದ್ದರಲ್ಲಿ ದಕ್ಷತೆ ನೂರಕ್ಕೆ 82.5, 10 ಎಚ್‌ಪಿಗೆ 90.4, 100 ಎಚ್‌ಪಿಗೆ 95. ಅದಕ್ಕೇ ಫ್ಯಾನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ಉಳಿಸಿದ ಬಿಎಲ್‌ಡಿಸಿ, ಗಿರಣಿಗೆ ಬಂದರೆ ಉಳಿಸಲು ಏನೂ ಇಲ್ಲದೆ ನಿಲ್ಲುತ್ತದೆ. ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಕಬ್ಬಿನ ಗಾಣ ಇವಕ್ಕೆಲ್ಲ ಇಂಡಕ್ಷನ್ ಹಾಕಿ, ಬೆಲ್ಟ್ ಹಾಕಿ, ಮರೆತುಬಿಡಿ.

ಬೋರ್‌ವೆಲ್ ಸಬ್‌ಮರ್ಸಿಬಲ್ ಸ್ವಲ್ಪ ಬೇರೆ. ಆರು ಇಂಚಿನ ಕೊಳವೆಯಲ್ಲಿ ಇಳಿಯಬೇಕಾದ್ದರಿಂದ ಮೋಟಾರ್ ಉದ್ದಕ್ಕೆ, ಸಪೂರವಾಗಿ ಇರಬೇಕು. ನೀರು ತುಂಬಿಸಿ ಓಡಿಸುತ್ತಾರೆ, ಸುರುಳಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ. ಹಾಗಾಗಿ ನೆಲದ ಮೇಲಿನ ಮೋಟಾರಿನಷ್ಟು ದಕ್ಷತೆ ಇದರಲ್ಲಿ ಬರುವುದಿಲ್ಲ. ಕಾಗದದ ಮೇಲೆ ನೋಡಿದರೆ ಅಯಸ್ಕಾಂತದ ಮೋಟಾರಿಗೆ ಇಲ್ಲಿ ಜಾಗ ಇದೆ.

ಆದರೆ ತೋಟದಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಕರೆಂಟ್ ಉಳಿಸುವ ಮೋಟಾರಿಗೆ ರೈತ ಯಾಕೆ ಹೆಚ್ಚು ದುಡ್ಡು ಕೊಡಬೇಕು? ಉಳಿತಾಯ ಹೋಗುವುದು ಸರ್ಕಾರದ ಸಬ್ಸಿಡಿ ಲೆಕ್ಕಕ್ಕೆ. ರೈತನಿಗೆ ಬೇಕಾದ್ದು ಕೊಡುವ ಕೆಲವೇ ಗಂಟೆ ತ್ರೀ ಫೇಸ್‌ನಲ್ಲಿ ನೀರು ಬರುವುದು, ಮೋಟಾರ್ ಸುಡದೇ ಇರುವುದು, ಸುಟ್ಟರೆ ನಾಳೆ ನಾಡಿದ್ದರಲ್ಲಿ ಮತ್ತೆ ಇಳಿಸುವುದು.

ಈ ಮೂರನೆಯದೇ ಮುಖ್ಯ. ಒಂದು ಫೇಸ್ ಹೋದರೆ ಮೋಟಾರ್ ಗುಂಯ್‌ಗುಡುತ್ತದೆ, ಸ್ಟಾರ್ಟರ್ ಕಡಿಯದಿದ್ದರೆ ಸುರುಳಿ ಸುಡುತ್ತದೆ. ವೋಲ್ಟೇಜ್ ತೀರಾ ಇಳಿದಾಗ ಅದೇ ಭಾರ ಎಳೆಯಲು ಮೋಟಾರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಹಾಗೆ ಸುಟ್ಟ ಮೋಟಾರನ್ನು ಎತ್ತಿಸಿ ತಾಲ್ಲೂಕು ಪೇಟೆಗೆ ಒಯ್ದರೆ ಸಾಲಾಗಿ ರೀವೈಂಡಿಂಗ್ ಅಂಗಡಿಗಳಿವೆ. ಹಳೇ ಸುರುಳಿ ಕಿತ್ತು, ಸುತ್ತು ಎಣಿಸಿ, ಹೊಸದು ಸುತ್ತಿ, ಬೇರಿಂಗ್ ನೋಡಿ ಕೊಡುತ್ತಾರೆ. ಈ ಸೌಲಭ್ಯ ಊರೂರಲ್ಲಿ ಬೆಳೆಯಲು ಎಷ್ಟೋ ದಶಕ ಹಿಡಿದಿದೆ. ಅಯಸ್ಕಾಂತದ ರೋಟಾರ್ ಇರುವ ಮೋಟಾರನ್ನು ಬಿಚ್ಚುವುದೇ ಬೇರೆ ಕಸುಬು. ಬಲವಾದ ಅಯಸ್ಕಾಂತ ಹೊರಗೆಳೆಯುವಾಗ ಕೈ ಸಿಕ್ಕರೆ ಬೆರಳು ಜಜ್ಜುತ್ತದೆ, ಕಬ್ಬಿಣದ ಪುಡಿ ಅಂಟಿದರೆ ಬಿಡಿಸಲು ಆಗುವುದಿಲ್ಲ. ಮೇಲೆ ಪ್ಯಾನಲ್ ಬೋರ್ಡಿನಲ್ಲಿರುವ ಡ್ರೈವ್, ಅಂದರೆ ಮೋಟಾರ್ ಓಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೆಟ್ಟರಂತೂ ನೇರ ಲೈನ್ ಕೊಟ್ಟು ಓಡಿಸುವ ದಾರಿಯೇ ಇಲ್ಲ. ಬೆಳೆ ಬಾಡುವಾಗ ಕಂಪನಿಯವರು ಬರಲಿ ಅಂತ ಕಾಯಲು ಆಗುತ್ತಾ?

ಹಾಗಾಗಿ ಲೈನ್ ಕರೆಂಟಿನ ಬೋರ್‌ವೆಲ್‌ಗೆ ನನ್ನ ಉತ್ತರ ಇಂಡಕ್ಷನ್. ಬಿಎಲ್‌ಡಿಸಿಗೆ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ಒಂದು ಫೇಸ್ ಹೋದಾಗ ಮೋಟಾರ್ ಆಫ್ ಮಾಡುವ ಒಳ್ಳೆಯ ಸಿಂಗಲ್ ಫೇಸಿಂಗ್ ಪ್ರಿವೆಂಟರ್, ನೀರು ಖಾಲಿಯಾದಾಗ ಆಫ್ ಆಗುವ ಡ್ರೈ ರನ್ ರಕ್ಷಣೆ ಹಾಕಿಸಿ.

ಸೋಲಾರ್ ಪಂಪ್ ಆದರೆ?

ಸೋಲಾರ್‌ನಲ್ಲಿ ಕರೆಂಟ್ ಬಿಟ್ಟಿ, ಪ್ಯಾನಲ್ ಬಿಟ್ಟಿಯಲ್ಲ. ಮೋಟಾರ್ ಕಡಿಮೆ ತಿಂದಷ್ಟೂ ಕಡಿಮೆ ಪ್ಯಾನಲ್ ಸಾಕು. ಹೇಗಿದ್ದರೂ ಕಂಟ್ರೋಲರ್ ಇರಲೇಬೇಕು, ಹಾಗಾಗಿ "ಕಾರ್ಡ್ ಯಾಕೆ" ಅನ್ನುವ ವಾದ ಇಲ್ಲಿ ಬಿದ್ದುಹೋಗುತ್ತದೆ. ಸೋಲಾರ್ ಪಂಪಿಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಇಟ್ಟ ಅಳತೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಅಷ್ಟೇ ವಾಟ್ ಪ್ಯಾನಲ್‌ನಿಂದ ಅಷ್ಟೇ ಎತ್ತರಕ್ಕೆ ಡಿಸಿ ಪಂಪ್ ಎಸಿ ಇಂಡಕ್ಷನ್ ಪಂಪಿಗಿಂತ ಸುಮಾರು ನೂರಕ್ಕೆ ಹತ್ತು ಜಾಸ್ತಿ ನೀರು ಎತ್ತಬೇಕು.

ನೂರಕ್ಕೆ ಹತ್ತು ಜಾಸ್ತಿ ನೀರು ಅಂದರೆ ಒಳ್ಳೆಯದೇ. ಆದರೆ ಮಾರುವವರು ಇನ್ನೊಂದು ಮಾತು ಹೇಳುತ್ತಾರೆ: ಬಿಎಲ್‌ಡಿಸಿ ಬೆಳಗ್ಗೆ ಬೇಗ, ಸಂಜೆ ತಡವಾಗಿಯೂ ಸಣ್ಣ ಬಿಸಿಲಿಗೇ ನಿಧಾನವಾಗಿ ಓಡಿ ನೀರು ಕೊಡುತ್ತೆ ಅಂತ. ತೆರೆದ ಬಾವಿ, ಕೃಷಿ ಹೊಂಡ, ಹೊಳೆ ಅಂಚಿನ ಪಂಪಿಗೆ ಇದು ನಿಜ. ಆಳದ ಬೋರ್‌ವೆಲ್‌ಗೆ ಅಷ್ಟು ನಿಜವಲ್ಲ. ನೀರು ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನುವುದು ಪಂಪಿನ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹೆಚ್ಚೆಂದರೆ 150 ಮೀಟರ್ ಎತ್ತುವ ಪಂಪ್ ಇದೆ, ನೀರು 120 ಮೀಟರ್ ಆಳದಲ್ಲಿದೆ ಅಂತಿಟ್ಟುಕೊಳ್ಳಿ. ಸ್ಪೀಡ್ ನೂರಕ್ಕೆ 85ಕ್ಕೆ ಇಳಿದರೆ ಅದು ಎತ್ತಬಲ್ಲದ್ದು 108 ಮೀಟರ್ ಮಾತ್ರ. ಮೋಟಾರ್ ತಿರುಗುತ್ತಿರುತ್ತದೆ, ಮೇಲೆ ಒಂದು ಹನಿ ಬೀಳುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಸಾವಿರ ಅಡಿಯ ಬೋರ್‌ವೆಲ್ ಇರುವವರು ಬ್ರೋಷರ್ ನಂಬುವ ಮುಂಚೆ ತಮ್ಮ ನೀರಿನ ಮಟ್ಟ ಹೇಳಿ, ಯಾವ ಬಿಸಿಲಿಗೆ ಎಷ್ಟು ನೀರು ಅನ್ನುವ ಪಂಪಿನ ಕರ್ವ್ ಕೇಳಬೇಕು.

ಮತ್ತೊಂದು ಉಪಾಯ ಇದೆ. ತ್ರೀ ಫೇಸ್ ಇಂಡಕ್ಷನ್ ಮೋಟಾರಿಗೂ ಸೋಲಾರ್ ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರಿನ ಸ್ಪೀಡ್ ಬದಲಿಸುವ ಡ್ರೈವ್) ಹಾಕಿ ಓಡಿಸಬಹುದು. ಮೆಲ್ಲಗೆ ಶುರುವಾಗುವುದು, ಸ್ಪೀಡ್ ಬದಲಾಗುವುದು ಎರಡೂ ಇದರಲ್ಲೂ ಸಿಗುತ್ತದೆ. ನಿಜ ಹೇಳಬೇಕಂದರೆ ಬಿಎಲ್‌ಡಿಸಿಯ ಹೊಗಳಿಕೆಯಲ್ಲಿ ಅರ್ಧ ಎಲೆಕ್ಟ್ರಾನಿಕ್ಸಿಗೆ ಸೇರಬೇಕಾದ್ದು, ಅಯಸ್ಕಾಂತಕ್ಕಲ್ಲ. ಈಗಾಗಲೇ ಒಳ್ಳೆಯ 5 ಅಥವಾ 7.5 ಎಚ್‌ಪಿ ಮೋಟಾರ್ ಬೋರ್‌ವೆಲ್‌ನಲ್ಲಿದ್ದರೆ ಅದನ್ನು ಎತ್ತಿ ಬಿಸಾಡಬೇಡಿ, ವಿಎಫ್‌ಡಿ ಸಾಕು. ಹೊಸದಾಗಿ 1ರಿಂದ 3 ಎಚ್‌ಪಿ, ನೀರು ಮೇಲೇ ಇದೆ ಅಂದರೆ ಬಿಎಲ್‌ಡಿಸಿ.

ರೈಲು ಯಾಕೆ ಇಂಡಕ್ಷನ್ ಬಿಡುತ್ತಿಲ್ಲ

ನಮ್ಮ ಮೆಟ್ರೋ ಓಡುವುದು ತ್ರೀ ಫೇಸ್ ಇಂಡಕ್ಷನ್ ಮೋಟಾರಿನಲ್ಲಿ. ರೈಲ್ವೆಯ ಡಬ್ಲ್ಯುಎಪಿ-7, ಡಬ್ಲ್ಯುಎಜಿ-9 ಎಂಜಿನುಗಳೂ ಅಷ್ಟೇ. ಇಷ್ಟು ದೊಡ್ಡ ಯಂತ್ರದಲ್ಲಿ ಹಳೇ ಜಾತಿಯ ಮೋಟಾರೇ ಯಾಕೆ ಅಂದರೆ ಉತ್ತರ ಚಕ್ರದಲ್ಲಿದೆ. ಡಬ್ಲ್ಯುಎಪಿ-7ರ ಹೊಸ ಚಕ್ರದ ವ್ಯಾಸ 1092 ಮಿಲಿಮೀಟರ್, ಸವೆದು ಸವೆದು 1016ರವರೆಗೆ ಬಳಸುತ್ತಾರೆ. ಒಂದೇ ಬೋಗಿಯ (ಇಲ್ಲಿ ಡಬ್ಬಿ ಅಲ್ಲ, ಎಂಜಿನಿನ ಕೆಳಗೆ ಚಕ್ರಗಳನ್ನು ಹಿಡಿದಿಡುವ ಚೌಕಟ್ಟು) ಮೂರು ಚಕ್ರ-ಜೋಡಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆ ಇರುವುದು ಅಸಾಧ್ಯ. ಸಣ್ಣ ಚಕ್ರ ಸ್ವಲ್ಪ ಬೇಗ ತಿರುಗಬೇಕು, ದೊಡ್ಡದು ನಿಧಾನ. ಒಂದೇ ಕನ್ವರ್ಟರ್ ಆ ಬೋಗಿಯ ಮೂರೂ ಮೋಟಾರಿಗೆ ಕರೆಂಟ್ ಕೊಡುತ್ತದೆ. ಇಂಡಕ್ಷನ್ ಮೋಟಾರಿಗೆ ಸ್ಲಿಪ್ ಇರುವುದರಿಂದ ಪ್ರತಿಯೊಂದೂ ತನ್ನ ಚಕ್ರಕ್ಕೆ ತಕ್ಕಷ್ಟು ಹೊಂದಿಕೊಳ್ಳುತ್ತದೆ. ಫ್ಯಾನಿನಲ್ಲಿ ದಂಡವಾಗಿದ್ದ ಸ್ಲಿಪ್ ಇಲ್ಲಿ ಉಪಕಾರಕ್ಕೆ ಬಂತು. ಅಯಸ್ಕಾಂತದ ಮೋಟಾರ್ ಹಾಕಿದರೆ ಪ್ರತಿ ಮೋಟಾರಿಗೂ ಒಂದೊಂದು ಇನ್ವರ್ಟರ್ ಬೇಕು. ಟೋಕಿಯೋ ಮೆಟ್ರೋದವರು ಹಾಗೆ ಮಾಡಿದ್ದಾರೆ, ಆಗುವುದಿಲ್ಲ ಅಂತಲ್ಲ.

ಕಾರು, ಸ್ಕೂಟರ್

ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ನಿಮಗೆ ಆಯ್ಕೆಯೇ ಇಲ್ಲ, ಬೆಂಗಳೂರಿನ ಏಥರ್ ಸೇರಿ ಹೆಚ್ಚುಕಡಿಮೆ ಎಲ್ಲರದೂ ಅಯಸ್ಕಾಂತದ ಮೋಟಾರೇ. ಚಿಕ್ಕ ಜಾಗ, ಕಡಿಮೆ ತೂಕ, ನಿಂತು-ಹೊರಡುವ ಓಟ, ಬ್ಯಾಟರಿಯ ಪ್ರತಿ ಯೂನಿಟ್‌ಗೂ ಬೆಲೆ. ಬಿಎಲ್‌ಡಿಸಿ ಅಂತ ಬರೆದರೂ ಪಿಎಂಎಸ್‌ಎಂ (ಪರ್ಮನೆಂಟ್ ಮ್ಯಾಗ್ನೆಟ್ ಸಿಂಕ್ರೊನಸ್ ಮೋಟಾರ್) ಅಂತ ಬರೆದರೂ ಕೊಳ್ಳುವವರಿಗೆ ವ್ಯತ್ಯಾಸ ಕಡಿಮೆ. ಎರಡಕ್ಕೂ ರೋಟಾರಿನಲ್ಲಿ ಅಯಸ್ಕಾಂತ ಇದೆ, ಕರೆಂಟ್ ಕೊಡುವ ರೀತಿ ಬೇರೆ. ಪಿಎಂಎಸ್‌ಎಂ ಸ್ವಲ್ಪ ನಯವಾಗಿ ಓಡುತ್ತದೆ.

ಎಲೆಕ್ಟ್ರಿಕ್ ಕಾರಿನ ಕಥೆ ಸ್ವಾರಸ್ಯವಾಗಿದೆ. ಬೆಂಗಳೂರಿನ ರೇವಾ 2001ರಲ್ಲಿ ಬಂದಾಗ ಅದರಲ್ಲಿದ್ದದ್ದು ಡಿಸಿ ಮೋಟಾರ್. ಮುಂದೆ ರೇವಾ-ಐ, ಆಮೇಲೆ 2013ರಲ್ಲಿ ಮಹೀಂದ್ರಾ ಇ2ಒ ಬಂದಾಗ ತ್ರೀ ಫೇಸ್ ಇಂಡಕ್ಷನ್. ಅಮೆರಿಕದ ಟೆಸ್ಲಾ ಕೂಡ 2008ರ ರೋಡ್‌ಸ್ಟರ್, 2012ರ ಮಾಡೆಲ್ ಎಸ್ ಎರಡಕ್ಕೂ ಇಂಡಕ್ಷನ್ನೇ ಹಾಕಿತ್ತು. 2017ರಲ್ಲಿ ಮಾಡೆಲ್ 3ಕ್ಕೆ ಅಯಸ್ಕಾಂತಕ್ಕೆ ಹೊರಳಿತು. ಆದರೆ ಎರಡು ಮೋಟಾರಿನ ಮಾಡೆಲ್ 3ರಲ್ಲಿ ಹಿಂದೆ ಅಯಸ್ಕಾಂತ, ಮುಂದೆ ಇಂಡಕ್ಷನ್. ಯಾಕೆ ಎರಡು ಜಾತಿ? ಅಯಸ್ಕಾಂತದ ರೋಟಾರನ್ನು ಆಫ್ ಮಾಡಲು ಬರುವುದಿಲ್ಲ. ಕರೆಂಟ್ ಕೊಡದಿದ್ದರೂ ಚಕ್ರದ ಜೊತೆ ಸುತ್ತುತ್ತಾ ಕಬ್ಬಿಣವನ್ನು ಎಳೆದು ಒಂದಿಷ್ಟು ತಡೆ ಒಡ್ಡುತ್ತಲೇ ಇರುತ್ತದೆ. ಇಂಡಕ್ಷನ್ ರೋಟಾರ್ ಕರೆಂಟ್ ನಿಂತರೆ ಬರೀ ಕಬ್ಬಿಣ. ಹೈವೇಯಲ್ಲಿ ಒಂದು ಮೋಟಾರ್ ಸಾಕಾದಾಗ ಮುಂದಿನದು ಸುಮ್ನೆ ತಿರುಗುತ್ತಿರಲಿ ಅಂತ ಈ ಏರ್ಪಾಡು.

ಚಾರ್ಮಾಡಿಯಂಥ ಘಾಟಿಯನ್ನು ನಿಧಾನವಾಗಿ ಏರುವಾಗ ಎರಡಕ್ಕೂ ಕಷ್ಟ, ಕಷ್ಟದ ಜಾಗ ಬೇರೆ. ಇಂಡಕ್ಷನ್‌ನಲ್ಲಿ ತಿರುಗುವ ರೋಟಾರೇ ಬಿಸಿಯಾಗುತ್ತದೆ, ಅದನ್ನು ತಂಪು ಮಾಡುವುದು ಸುಲಭವಲ್ಲ. ಅಯಸ್ಕಾಂತದ ಮೋಟಾರಿನಲ್ಲಿ ಬಿಸಿ ಹೆಚ್ಚಾಗಿ ಹೊರಗಿನ ಸುರುಳಿಯಲ್ಲಿ, ಹೊರಗೆ ಬಿಡುವುದು ಸುಲಭ. ಆದರೆ ಮಿತಿ ಮೀರಿದರೆ ಅಯಸ್ಕಾಂತ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಾದರೂ ಅದು ವಾಪಸ್ ಬರುವುದಿಲ್ಲ. ಸಾಧಾರಣ ದರ್ಜೆಯ ನಿಯೋಡೀಮಿಯಂ ಅಯಸ್ಕಾಂತಕ್ಕೆ 80 ಡಿಗ್ರಿ ಸೆಲ್ಸಿಯಸ್ಸೇ ಗಡಿ. ವಾಹನಗಳಿಗೆ ಡಿಸ್ಪ್ರೋಸಿಯಂ, ಟರ್ಬಿಯಂ ಅನ್ನುವ ರೇರ್ ಅರ್ಥ್ ಲೋಹ ಬೆರೆಸಿ 150ರ ಆಚೆಗೂ ತಾಳುವಂತೆ ಮಾಡುತ್ತಾರೆ. ಘಾಟಿಯಲ್ಲಿ ಸ್ಕೂಟರ್ ಇದ್ದಕ್ಕಿದ್ದಂತೆ ಸೊರಗಿದರೆ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಮೋಟಾರ್ ಅಥವಾ ಕಂಟ್ರೋಲರ್ ಬಿಸಿಯಾಗಿದೆ ಅಂತ ಅದೇ ಶಕ್ತಿ ಇಳಿಸಿಕೊಂಡಿರುತ್ತದೆ.

ಆ ಡಿಸ್ಪ್ರೋಸಿಯಂ, ಟರ್ಬಿಯಂ ಹೆಚ್ಚಾಗಿ ಬರುವುದು ಚೀನಾದಿಂದ. 2025ರ ಏಪ್ರಿಲ್‌ನಲ್ಲಿ ಚೀನಾ ಇವೂ ಸೇರಿ 7 ರೇರ್ ಅರ್ಥ್ ಧಾತುಗಳ ಮತ್ತು ಅವುಗಳಿರುವ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ದೇಶದ ವಾಹನ ಕಂಪನಿಗಳೂ ಪರದಾಡಿದವು. ಸೀಲಿಂಗ್ ಫ್ಯಾನಿನ ಬಗ್ಗೆ ಮಾತ್ರ ಈ ಚಿಂತೆ ಕಡಿಮೆ, ಅವುಗಳಲ್ಲಿ ಬಹುಪಾಲು ಅಗ್ಗದ ಫೆರೈಟ್ ಅಯಸ್ಕಾಂತ ಹಾಕುತ್ತಾರೆ.

ದುಡ್ಡು ಕೊಡುವ ಮುಂಚೆ

ಇಂಡಕ್ಷನ್ ಮೋಟಾರ್ ಕೊಳ್ಳುವಾಗ ತಗಡಿನ ಪಟ್ಟಿ ಓದಿ. ಐಇ ದರ್ಜೆ ಎಷ್ಟು, ಸುರುಳಿ ತಾಮ್ರದ್ದೋ ಅಲ್ಯೂಮಿನಿಯಂದೋ ಕೇಳಿ. ಅರ್ಧ ಬೆಲೆಗೆ ಸಿಗುವ ಮೋಟಾರಿನಲ್ಲಿ ಅಲ್ಯೂಮಿನಿಯಂ ಸುರುಳಿ ಇರುವ ಸಾಧ್ಯತೆ ಜಾಸ್ತಿ. ಸೀಲಿಂಗ್ ಫ್ಯಾನ್ ಯಾವ ಜಾತಿಯದಾದರೂ 2023ರ ಜನವರಿಯಿಂದ ಸ್ಟಾರ್ ಲೇಬಲ್ ಕಡ್ಡಾಯ, ಅದರ ಮೇಲೆ ವಾಟ್‌ಗೆ ಎಷ್ಟು ಗಾಳಿ ಅನ್ನುವ ಅಂಕಿ ಇರುತ್ತದೆ. ಬರೀ ವಾಟ್ ನೋಡಬೇಡಿ, ಗಾಳಿ ಕಡಿಮೆ ಕೊಟ್ಟು ವಾಟ್ ಕಡಿಮೆ ತೋರಿಸುವುದು ಯಾರಿಗಾದರೂ ಬರುತ್ತದೆ.

ಬಿಎಲ್‌ಡಿಸಿಗೆ ಒಂದೇ ಪ್ರಶ್ನೆ ಗಟ್ಟಿಯಾಗಿ ಕೇಳಿ: ಕಾರ್ಡಿಗೆ ಎಷ್ಟು ವರ್ಷ ವಾರಂಟಿ, ಆಮೇಲೆ ಕಾರ್ಡ್ ಬೇಕಾದರೆ ಬೆಲೆ ಎಷ್ಟು, ಈ ಊರಲ್ಲಿ ಯಾರು ಹಾಕಿಕೊಡುತ್ತಾರೆ? ಡಬ್ಬದ ಮೇಲೆ "ಮೋಟಾರಿಗೆ 10 ವರ್ಷ ವಾರಂಟಿ" ಅಂತ ದಪ್ಪಕ್ಷರದಲ್ಲಿ ಇದ್ದರೆ, ಕೆಳಗಿನ ಸಣ್ಣಕ್ಷರದಲ್ಲಿ ಕಾರ್ಡಿಗೆ ಎರಡೇ ವರ್ಷ ಇದೆಯಾ ಅಂತ ನೋಡಿಕೊಳ್ಳಿ. ಹಾಗಿದ್ದರೆ ಬಿಲ್ ಮಾಡಿಸುವ ಮುಂಚೆ ಪಕ್ಕದ ಕಂಪನಿಯ ಡಬ್ಬವನ್ನೂ ಒಮ್ಮೆ ತಿರುಗಿಸಿ ಓದಿ.